ಸಿವಾಸ್ ಕಲಿಸಿದ ಪಾಠ

ಕಾವ್ಯವು ಮನುಷ್ಯರನ್ನು ಕೂಡಿಸುತ್ತದೆಂದು ತರಗತಿಯಲ್ಲಿ ಹೇಳುತ್ತ ಬಂದವನು ನಾನು. ತುರ್ಕಿಯ ಒಳನಾಡಿನ ಸಿವಾಸ್ ನಗರದ ಚರಿತ್ರೆಯನ್ನು ಓದಿದಂದಿನಿಂದ ಆ ಮಾತು ಸಲೀಸಾಗಿ ನಾಲಗೆಗೆ ಬರುತ್ತಿಲ್ಲ.

1271ರಲ್ಲಿ ಎದ್ದುನಿಂತ ಅಲ್ಲಿಯ ಮದರಸಾಗಳ ಹೆಬ್ಬಾಗಿಲುಗಳಲ್ಲಿ ಕಲ್ಲೇ ಹೂಬಳ್ಳಿಯಾಗಿದೆ. 1919ರಲ್ಲಿ ಮುಸ್ತಫಾ ಕೆಮಾಲನು ನಾಡಿನ ಸ್ವಾತಂತ್ರ್ಯಕ್ಕಾಗಿ ಸಮ್ಮೇಳನ ನಡೆಸಿದ್ದು ಇಲ್ಲಿಯೇ. ಸಿಡುಬಿನಿಂದ ಕಣ್ಣು ಕಳೆದುಕೊಂಡೂ ನಾಡೆಲ್ಲ ಹಾಡಿದ ಕವಿ ಆಶಿಕ್ ವೆಯ್ಸೆಲ್ ಈ ಸೀಮೆಯವನೇ.

ಆದರೆ 1993ರ ಜುಲೈ 2ರಂದು, ಅಲೆವಿ ಪಂಥದ ಪ್ರಾಚೀನ ಕವಿ ಪೀರ್ ಸುಲ್ತಾನ್ ಅಬ್ದಾಲನ ಉತ್ಸವಕ್ಕೆ ಬಂದವರು ತಂಗಿದ್ದ ಹೋಟೆಲಿಗೆ ಮತಾಂಧ ಗುಂಪೊಂದು ಬೆಂಕಿಯಿಟ್ಟಿತು. ಕವಿಗಳು, ಗಾಯಕರು, ಹೋಟೆಲಿನ ಇಬ್ಬರು ಕೆಲಸಗಾರರು ಸೇರಿ 35 ಮಂದಿ ಅಸುನೀಗಿದರು.

2023ರಿಂದ ಅಂಕಾರಾದ ವೇಗದ ರೈಲು ಸಿವಾಸನ್ನು ಮುಟ್ಟುತ್ತಿದೆ. ಊರು ಹತ್ತಿರವಾಯಿತು, ಮನಸ್ಸುಗಳ ಮಾತು ಬೇರೆ.

ಕಾವ್ಯದ ಮೇಲಿನ ನಂಬಿಕೆಯನ್ನು ನಾನು ಬಿಟ್ಟಿಲ್ಲ. ಆದರೆ ಮುಂದೆ ತರಗತಿಯಲ್ಲಿ ಆ ಮಾತನ್ನಾಡುವಾಗ ಸಿವಾಸಿನ ಕಥೆಯನ್ನೂ ಹೇಳಬೇಕು.