ಐವತ್ತಮೂರು ಹಲ್ಲಿನ ಪ್ರತಿಷ್ಠೆ

ಗುಡ್ಡವಿಲ್ಲದ ನಾಡಿನಲ್ಲಿ ಗುಡ್ಡ ಹತ್ತುವ ಸೈಕಲ್ಲೇಕೆ ಎಂದು ಕೇಳುವವರು ಆಷಾಢದಲ್ಲಿ ಸಿಂದಗಿಯಿಂದ ವಿಜಯಪುರದವರೆಗೆ ಒಮ್ಮೆ ತುಳಿದು ನೋಡತಕ್ಕದ್ದು. ದೂರ ಸುಮಾರು 60 ಕಿಲೋಮೀಟರ್. ಅಲ್ಲಲ್ಲಿ ಕೊಂಚ ಏರಿಳಿತವನ್ನು ಬಿಟ್ಟರೆ ರಸ್ತೆಯಲ್ಲಿ ಅಂಜಿಕೆಯೇನೂ ಇಲ್ಲ. ಆದರೆ ಮರಗಳ ಮರೆ ವಿರಳವಾದ ಆ ಎರೆಯ ಬಯಲಿನಲ್ಲಿ ಪಡುವಣ ಗಾಳಿಯು ಸವಾರನ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕುತ್ತದೆ. ಗುಡ್ಡಕ್ಕಾದರೋ ಒಂದು ನೆತ್ತಿಯುಂಟು, ಆಚೆಗೆ ಒಂದು ಇಳಿಜಾರುಂಟು. ಗಾಳಿಗೆ ಅವೆರಡೂ ಇಲ್ಲ.

ಸೈಕಲ್ಲಿನ ಮೇಲೆ ಈ ಸೀಮೆಯ ಜನಕ್ಕೆ ಇರುವ ಪ್ರೀತಿ ಸಾಮಾನ್ಯವಾದುದಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ನಾಡಿಗೆ ಅನೇಕ ಸೈಕಲ್ ಪಟುಗಳನ್ನು ಕೊಟ್ಟಿವೆ. ಅಂತಹ ಪಂದ್ಯಗಳಲ್ಲಿ ಹರೆಯವನ್ನು ಸವೆಸಿ, ಬಳಿಕ ಸಿಂದಗಿಯ ಕಡೆ ಶಾಲಾ ಮಾಸ್ತರರಾದ ಗೃಹಸ್ಥರೊಬ್ಬರು ಐವತ್ತು ದಾಟಿದರೂ ರೇಸಿನ ಸೈಕಲ್ಲನ್ನು ಬಿಟ್ಟಿರಲಿಲ್ಲ. ಅದರ ಮುಂಭಾಗದ ಎರಡು ಹಲ್ಲುಚಕ್ರಗಳಲ್ಲಿ ದೊಡ್ಡದಕ್ಕೆ 53 ಹಲ್ಲು, ಸಣ್ಣದಕ್ಕೆ 39. “ಸರ, ಎಷ್ಟ ಹಲ್ಲಿಂದ್ರಿ?” ಎಂದು ಹುಡುಗರು ಕೇಳುವುದೂ, ಮಾಸ್ತರರು “ಐವತ್ತಮೂರು” ಎಂದು ಮೀಸೆಯಡಿಯಲ್ಲೇ ನಗುವುದೂ ವಾಡಿಕೆಯಾಗಿತ್ತು.

ಪ್ರತಿಷ್ಠೆಗೆ ಮೊದಲು ಅಡ್ಡ ಬಂದುದು ಬಲಗಾಲಿನ ಮೊಣಕಾಲು. ತುಳಿಯುವುದನ್ನು ಬಿಡಬೇಕು, ಇಲ್ಲವೆ ತುಳಿತದ ಭಾರವನ್ನು ಇಳಿಸಬೇಕು ಎಂದು ವೈದ್ಯರು ಹೇಳಿದರು. ಬಿಡುವ ಮಾತು ಮಾಸ್ತರರ ಕಿವಿಗೆ ಬೀಳಲೇ ಇಲ್ಲ. ಎರಡನೆಯದನ್ನು ಹಿಡಿದು ಸೈಕಲ್ ಅಂಗಡಿಗೆ ಹೋದರು.

“ನಮ್ಮ ಕಡೆ ಗುಡ್ಡ ಎಲ್ಲಿ ಅದಾವ್ರಿ, ಸರ?” ಎಂದು ಅಂಗಡಿಯ ತರುಣ ನಕ್ಕ.

“ಗಾಳಿ ಐತಲ್ಲೋ, ತಮ್ಮಾ.”

ಇಲ್ಲಿ ಸ್ವಲ್ಪ ಲೆಕ್ಕ ಅನಿವಾರ್ಯ. ಹಿಂದಿನ ಅತಿ ದೊಡ್ಡ ಚಕ್ರಕ್ಕೆ 25 ಹಲ್ಲು. ಮುಂದೆ 39 ಇದ್ದಾಗ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು 3.3 ಮೀಟರ್ ಸಾಗುತ್ತದೆ. 34 ಇದ್ದರೆ ಸುಮಾರು 2.9 ಮೀಟರ್. ಪಾದದ ಮೇಲಿನ ಒತ್ತಡ ನೂರಕ್ಕೆ 13ರಷ್ಟು ಇಳಿಯುತ್ತದೆ. ವೇಗ ಅಷ್ಟೇ ಇರಬೇಕಾದರೆ ನಿಮಿಷಕ್ಕೆ 60 ಸುತ್ತು ತಿರುಗಿಸುತ್ತಿದ್ದ ಕಾಲು 69 ಸುತ್ತು ತಿರುಗಿಸಬೇಕು. ಒಟ್ಟು ದುಡಿಮೆ ಕಡಿಮೆಯಾಗದು. ರೊಟ್ಟಿ ಅದೇ, ಮುರಿಯುವ ತುತ್ತು ಸಣ್ಣದು. ಹಲ್ಲಿಲ್ಲದವರಿಗೆ ಇದರ ಸುಖ ತಿಳಿದೀತು.

ಹಾಗಾದರೆ ಸಣ್ಣ ಚಕ್ರವೊಂದನ್ನೇ ಬದಲಿಸಬಹುದಲ್ಲ? ಬಾರದು. ಹಳೆಯ ಕ್ರ್ಯಾಂಕಿನ ಐದು ಬೋಲ್ಟುಗಳು ಕೂಡುವ ವೃತ್ತದ ವ್ಯಾಸ 130 ಮಿಲಿಮೀಟರ್. 38 ಹಲ್ಲಿಗಿಂತ ಕಿರಿಯ ಚಕ್ರ ಅಲ್ಲಿ ಕೂಡುವುದಿಲ್ಲ. ಆದುದರಿಂದ 110 ಮಿಲಿಮೀಟರಿನ, 50 ಮತ್ತು 34 ಹಲ್ಲುಗಳ ‘ಕಾಂಪ್ಯಾಕ್ಟ್’ ಕ್ರ್ಯಾಂಕ್‌ಸೆಟ್ಟನ್ನೇ ತರಿಸಬೇಕಾಯಿತು. ಹಿಂದಿನ ಗೊಂಚಲಿನಲ್ಲಿ 28 ಹಲ್ಲಿನ ಚಕ್ರವಿರುವುದನ್ನು ಹಾಕಿಸಿದ್ದರೆ ಕಡಿಮೆ ಖರ್ಚಿನಲ್ಲಿ ಹೆಚ್ಚುಕಡಿಮೆ ಅದೇ ಫಲ ದೊರೆಯುತ್ತಿತ್ತೆಂಬುದು ನಿಜ. ಆದರೆ ಆಗ ಹಿಂದಿನ ಮೆಟ್ಟಿಲುಗಳ ಅಂತರ ಹೆಚ್ಚುತ್ತದೆ. ಕ್ಷಣಕ್ಕೊಮ್ಮೆ ಬಲ ಬದಲಿಸುವ ಗಾಳಿಯ ಎದುರು ಸಣ್ಣ ಸಣ್ಣ ಮೆಟ್ಟಿಲುಗಳೇ ಮೇಲು. ಈ ವಿಷಯದಲ್ಲಿ ಮಾಸ್ತರರ ಹಟ ಸರಿಯಾದ ಹಟ.

ನಷ್ಟವೇ ಇಲ್ಲವೆಂದಲ್ಲ. ನಿಮಿಷಕ್ಕೆ 90 ಸುತ್ತಿನಂತೆ ತುಳಿದರೆ, ಹಿಂದೆ 11 ಹಲ್ಲಿನ ಚಕ್ರವಿದ್ದಾಗ, 53 ಹಲ್ಲಿನದು ಗಂಟೆಗೆ ಸುಮಾರು 55 ಕಿಲೋಮೀಟರ್ ಓಡಿಸುತ್ತದೆ. 50 ಹಲ್ಲಿನದು ಸುಮಾರು 52. ಐವತ್ತು ದಾಟಿದ ಮಾಸ್ತರರು ಆ ಮೂರು ಕಿಲೋಮೀಟರುಗಳನ್ನು ಎಲ್ಲಿ ಖರ್ಚು ಮಾಡುತ್ತಿದ್ದರೋ! ಆದರೂ ಮನಸ್ಸು ಅಳುಕಿದ್ದು ಅವುಗಳಿಗಾಗಿಯೇ.

ಈ ಅಳುಕು ಸಿಂದಗಿಯಲ್ಲಿ ಹುಟ್ಟಿದುದಲ್ಲ. 1903ರಲ್ಲಿ ‘ಟೂರ್ ದ ಫ್ರಾನ್ಸ್’ ಪಂದ್ಯವನ್ನು ಆರಂಭಿಸಿದ ಆನ್ರಿ ದೆಗ್ರಾಂಜ್ ಎಂಬ ಮಹಾನುಭಾವರು, ಗಿಯರು ಬದಲಿಸುವ ಸೌಕರ್ಯ 45 ದಾಟಿದವರಿಗೆ ಮಾತ್ರ ತಕ್ಕುದೆಂದು ಬಗೆದಿದ್ದರು. ಆಲ್ಪ್ಸ್ ಪರ್ವತಗಳನ್ನೇರುವ ಆ ಪಂದ್ಯದಲ್ಲಿ ಸರಪಳಿ ದಾಟಿಸುವ ಡಿರೇಲರಿಗೆ ಎಲ್ಲರಿಗೂ ಪ್ರವೇಶ ದೊರೆತುದು 1937ರಲ್ಲಿ. ಅವರ ಲೆಕ್ಕದಲ್ಲೂ ಮಾಸ್ತರರಿಗೆ ವಿನಾಯಿತಿ ಇದ್ದೇ ಇತ್ತು.

ಜೋಡಣೆಗೆ ಅರ್ಧ ದಿನ ಹಿಡಿಯಿತು. ದೊಡ್ಡ ಚಕ್ರ ಕಿರಿದಾದುದರಿಂದ ಮುಂದಿನ ಡಿರೇಲರನ್ನು ಕೆಳಗಿಳಿಸಿ, ಸರಪಳಿಯ ಉದ್ದವನ್ನು ಮತ್ತೆ ಹೊಂದಿಸಬೇಕಾಯಿತು. ಹಲ್ಲುಗಳ ಅಂತರ 14ರಿಂದ 16ಕ್ಕೆ ಏರಿದ್ದರಿಂದ, ಆತುರದಿಂದ ದಾಟಿಸಿದರೆ ಸರಪಳಿ ಒಳಗೆ ಜಾರಿ ಬೀಳುತ್ತಿತ್ತು. ಕಾಲನ್ನು ಅರೆಗಳಿಗೆ ಹಗುರಗೊಳಿಸಿ ದಾಟಿಸುವುದನ್ನು ಮಾಸ್ತರರು ವಾರದೊಳಗೆ ರೂಢಿಸಿಕೊಂಡರು.

ಮುಂದಿನ ಮಳೆಗಾಲದಲ್ಲಿ ಅವರು ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಗೆ ತುಳಿದರು. ಇಂಡಿಯ ನಿಂಬೆ ತೋಟಗಳ ನಡುವೆಯೂ ಸುತ್ತಿ ಬಂದರು. ತರುಣರು ಹಿಂದೆ ಹಾಕಿ ಹೋದದ್ದುಂಟು. ಮೊಣಕಾಲು ಮಾತ್ರ ರಾತ್ರಿ ನಿದ್ದೆಗೆಡಿಸಲಿಲ್ಲ. ಹಳೆಯ ಕ್ರ್ಯಾಂಕನ್ನು ಕೊಳ್ಳುತ್ತೇನೆಂದು ಅಂಗಡಿಯ ತರುಣ ಎರಡು ಸಲ ಕೇಳಿದ. ಮಾಸ್ತರರು ಕೊಡಲಿಲ್ಲ. ಎಣ್ಣೆ ಸವರಿ, ಹಳೆಯ ಧೋತರದಲ್ಲಿ ಸುತ್ತಿ, ಟ್ರಂಕಿನ ಅಡಿಯಲ್ಲಿ ಇಟ್ಟಿದ್ದಾರೆ.