ಕಿಸೆಗೆ ಎಟುಕುವ ದ್ವೀಪವಾಸ

ರಾಜಾಜಿನಗರದಲ್ಲೋ ಬಸವೇಶ್ವರನಗರದಲ್ಲೋ ಮನೆಮಾಡಿಕೊಂಡಿರುವ ಸಂಸಾರಸ್ಥರಿಗೂ ದ್ವೀಪವೊಂದರಲ್ಲಿ ನಾಲ್ಕು ದಿನ ತಣ್ಣಗೆ ಕಳೆಯಬೇಕೆಂಬ ಆಸೆ ಹುಟ್ಟುವುದುಂಟು. ಅಂಡಮಾನಿಗೆ ವಿಮಾನದ ಖರ್ಚು. ಲಕ್ಷದ್ವೀಪಕ್ಕೆ ಮೊದಲು ಪರವಾನಗಿ, ಆಮೇಲೆ ಕೊಚ್ಚಿಯಿಂದ ಹಡಗೋ ವಿಮಾನವೋ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪವೇನೋ ಹತ್ತಿರದ್ದೇ. ಲಾವಾರಸ ತಣಿದು ಕಂಬಕಂಬವಾಗಿ ನಿಂತ ಅಲ್ಲಿಯ ಶಿಲೆಗಳು ನೋಡತಕ್ಕವೇ ಸರಿ. ಆದರೆ ರಾತ್ರಿ ತಂಗುವಂತಿಲ್ಲ; ಹಗಲೆಲ್ಲ ಜನಜಂಗುಳಿ.

ಏಕಾಂತ ಬೇಕಾದವರು ಮಲ್ಪೆಯಿಂದ ಉತ್ತರಕ್ಕೆ, ಹೂಡೆಯನ್ನು ದಾಟಿ ಕೋಡಿಬೆಂಗ್ರೆಗೆ ಹೋಗುವುದು ಲೇಸು. ಯಶವಂತಪುರದಲ್ಲಿ ರಾತ್ರಿ ಬಸ್ಸೇರಿದರೆ ಬೆಳಗಾಗುವ ಹೊತ್ತಿಗೆ ಉಡುಪಿ. ಮುಂದಿನ ದಾರಿಯೇ ಒಂದು ಸೊಗಸು: ಎಡಕ್ಕೆ ಕಡಲು, ಬಲಕ್ಕೆ ಸುವರ್ಣಾ ನದಿ, ನಡುವೆ ರಸ್ತೆ, ತೆಂಗಿನ ಸಾಲು, ಮೀನುಗಾರರ ಮನೆಗಳು. ಭೂಪಟದಲ್ಲಿ ಇದು ದ್ವೀಪವಲ್ಲ, ಬರಿಯ ಮರಳ ನಾಲಿಗೆ. ಅಲ್ಲಿ ನಿಂತವರಿಗೆ ಆ ಭೇದ ತೋರದು. ಅತಿಥಿಗಳಿಗೆ ಕೋಣೆ ಕೊಡುವ ಮನೆಗಳು ಇಲ್ಲುಂಟು.

ನಿಜವಾದ ದ್ವೀಪವೇ ಬೇಕೆಂಬ ಹಟವಿದ್ದವರಿಗೆ ಹೊಳೆಯಲ್ಲಿ ಕುದ್ರುಗಳಿವೆ. ನಡುಗಡ್ಡೆಗೆ ಈ ಸೀಮೆಯ ಹೆಸರು ಅದು. ಕೆಮ್ಮಣ್ಣಿನ ತೂಗುಸೇತುವೆ ದಾಟಿದರೆ ತಿಮ್ಮಣಕುದ್ರು. ಅಲ್ಲಿ ಬಾಳುತ್ತಿರುವ ಸಂಸಾರಗಳಿಗೆ ಅದು ವಿಹಾರಧಾಮವಲ್ಲ, ಮನೆಯಂಗಳ. ಸದ್ದಿಲ್ಲದೆ ನಡೆದು ಬರಬೇಕು.

ಬೆಂಗ್ರೆಯ ತುದಿಯಲ್ಲಿ ಸುವರ್ಣಾ ಸೀತಾ ನದಿಗಳು ಕಡಲು ಸೇರುವ ಅಳಿವೆಯಿದೆ. ನೀರು ಎಷ್ಟೇ ಶಾಂತವಾಗಿ ಕಂಡರೂ ಅಡಿಯ ಸೆಳೆತ ಬಲವಾದುದು, ಮಕ್ಕಳನ್ನು ಇಳಿಸಕೂಡದು. ಮಳೆಗಾಲ ಬಿಟ್ಟು, ದೀಪಾವಳಿ ಕಳೆದ ಮೇಲೆ, ಶನಿವಾರ ಭಾನುವಾರಗಳನ್ನು ತಪ್ಪಿಸಿ ಹೋದರೆ ಬಾಡಿಗೆಯೂ ತುಸು ಇಳಿದೀತು. ಸಸ್ಯಾಹಾರಿಗಳು ಮಾತ್ರ ಊಟದ ವಿಷಯವನ್ನು ಮುಂಚಿತವಾಗಿಯೇ ತಿಳಿಸಿಡುವುದು ಮೇಲು. ಬೆಂಗ್ರೆಯ ಅಡಿಗೆಮನೆಗಳಲ್ಲಿ ಮೀನಿಗೇ ಅಗ್ರಪೂಜೆ.