ಶೆಡ್ಡಿನಲ್ಲಿ ಪೇಂಟ್‌ಬಾಲ್

ಬಣ್ಣ ತುಂಬಿದ ಗುಂಡನ್ನು ಒತ್ತಡದ ಗಾಳಿಯಿಂದ ಹಾರಿಸಿ ಎದುರಾಳಿಯ ಮೈಮೇಲೆ ಒಡೆಯುವ ಆಟಕ್ಕೆ ಪೇಂಟ್‌ಬಾಲ್ ಎಂದು ಹೆಸರು. ಗುಂಡಿನ ವ್ಯಾಸ ಸಾಮಾನ್ಯವಾಗಿ 0.68 ಇಂಚು, ತೂಕ 3 ಗ್ರಾಂ ಆಸುಪಾಸು. ಹೊರಸಿಪ್ಪೆ ಜೆಲಟಿನ್‌ನದು, ಒಳಗಿರುವುದು ಪಾಲಿಎಥಿಲೀನ್ ಗ್ಲೈಕಾಲ್‌ನಲ್ಲಿ ಕಲಸಿದ, ತೊಳೆದರೆ ಹೋಗುವ ಬಣ್ಣ. ಗುಂಡು ಮೈಮೇಲೆ ಒಡೆದವರು ಹೊರಗೆ ಹೋಗಬೇಕು. ಎದುರು ತಂಡದ ಬಾವುಟ ಕಿತ್ತು ತಂದವರು ಗೆದ್ದಂತೆ. ನಿಯಮ ಇಷ್ಟೇ. ಇಷ್ಟು ಸರಳವಾದ ಆಟವನ್ನು ಕೆಡಿಸಲು ಪ್ರತಿಭೆ ಬೇಕು. ಆ ಪ್ರತಿಭೆ ರವಿವಾರಕ್ಕೊಂದು ‘ಈವೆಂಟ್’ ನಡೆಸುವವರಲ್ಲಿ ಧಾರಾಳವಾಗಿದೆ.

ಆಟ ಹುಟ್ಟಿದ್ದು ಅಮೆರಿಕದಲ್ಲಿ, ಅದರ ಸಾಧನ ಹುಟ್ಟಿದ್ದು ಬೇರೆಯೇ ಕೆಲಸಕ್ಕೆ. ಕಡಿಯಬೇಕಾದ ಮರಗಳಿಗೆ ದೂರದಿಂದಲೇ ಗುರುತು ಹಾಕಲು ಅರಣ್ಯದವರಿಗೆ, ಮಂದೆಯಲ್ಲಿ ದನ ಗುರುತಿಸಲು ದನಗಾರರಿಗೆ ಎಂದು ನೆಲ್ಸನ್ ಪೇಂಟ್ ಕಂಪನಿ ಈ ಪಿಸ್ತೂಲನ್ನು ಮಾರುಕಟ್ಟೆಗೆ ತಂದಿತ್ತು. ಆಗಿನ ಬಣ್ಣ ಎಣ್ಣೆಯದು, ತೆಗೆಯಲು ಟರ್ಪೆಂಟೈನ್ ಬೇಕಾಗುತ್ತಿತ್ತು. ಮರಕ್ಕೆ ಅದರಿಂದ ತೊಂದರೆಯಿರಲಿಲ್ಲ. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನ್ನಿಕರ್ ಎಂಬ ಊರಿನ ಕಾಡಿನಲ್ಲಿ 12 ಜನ ಇದೇ ಪಿಸ್ತೂಲು ಹಿಡಿದು ಒಬ್ಬರನ್ನೊಬ್ಬರು ಬೇಟೆಯಾಡಿದರು. ಚಾರ್ಲ್ಸ್ ಗೇನ್ಸ್, ಹೇಯ್ಸ್ ನೋಯೆಲ್, ಬಾಬ್ ಗರ್ನ್ಸಿ ಎಂಬ ಮೂವರ ತಲೆಯಿಂದ ಬಂದ ಯೋಜನೆ ಅದು. ಬಾವುಟಗಳನ್ನೆಲ್ಲ ಕೂಡಿಹಾಕಿ ಗೆದ್ದವನು ರಿಚಿ ವೈಟ್ ಎಂಬ ಅರಣ್ಯ ಕೆಲಸಗಾರ. ಅವನು ಅಂದು ಒಂದು ಗುಂಡನ್ನೂ ಹಾರಿಸಲಿಲ್ಲ. ಗುಂಡು ಹಾರಿಸುವುದನ್ನೇ ಮಾರಾಟಕ್ಕಿಡುವ ಈವೆಂಟುಗಳ ಪೋಸ್ಟರುಗಳಲ್ಲಿ ಈ ಸಂಗತಿ ಕಾಣಸಿಗುವುದಿಲ್ಲ.

ಕಾಡಿನಲ್ಲಿ ಹುಟ್ಟಿದ ಆಟ ಊರಿಗೆ ಬಂದಾಗ ಜಾಗದ ಪ್ರಶ್ನೆ ಏಳುತ್ತದೆ. ಬೆಂಗಳೂರಿನ ಹೊರವಲಯದಲ್ಲಿ ರೆಸಾರ್ಟುಗಳು ಇದಕ್ಕೆಂದೇ ಬಲೆ ಕಟ್ಟಿದ ಮೈದಾನ ಇಟ್ಟುಕೊಂಡಿವೆ. ಜಿಲ್ಲಾ ಕೇಂದ್ರಗಳಲ್ಲಿ ಅಂಥ ಖಾಯಂ ವ್ಯವಸ್ಥೆ ವಿರಳ. ಸಿಕ್ಕಿದ್ದೇ ಜಾಗ: ಶಾಲೆಯ ಮೈದಾನ, ಕಲ್ಯಾಣ ಮಂಟಪದ ಹಿಂದಿನ ಪಾರ್ಕಿಂಗು, ಎನ್.ಎ. ಆಗಿಯೂ ಮಾರಾಟವಾಗದ ಲೇಔಟು, ಖಾಲಿ ಬಿದ್ದ ಕಾರ್ಖಾನೆ ಶೆಡ್ಡು. ಇವುಗಳಲ್ಲಿ ಶೆಡ್ಡು ಬಹಳ ಆಕರ್ಷಕ. ಬಾಡಿಗೆ ಕಡಿಮೆ, ಗೋಡೆ ಇದೆ, ಮೇಲೆ ತಗಡಿದೆ, ಫೋಟೋದಲ್ಲಿ ಯುದ್ಧದ ಸಿನಿಮಾದಂತೆ ಕಾಣುತ್ತದೆ.

ಶೆಡ್ಡಿನ ಗುಣದೋಷ ನೋಡಲು ಧಾರವಾಡದ ಲಕಮನಹಳ್ಳಿ ಒಳ್ಳೆಯ ನಿದರ್ಶನ. ಧಾರವಾಡದಿಂದ ಪಿ.ಬಿ. ರಸ್ತೆ ಹಿಡಿದು ಹುಬ್ಬಳ್ಳಿಯತ್ತ ಹೊರಟರೆ ಗಾಂಧಿನಗರ ದಾಟಿದ ಮೇಲೆ, ಸತ್ತೂರಿಗೆ ಮುಂಚೆ ಈ ಊರು ಸಿಗುತ್ತದೆ. ಹಳ್ಳಿ ಎಂಬುದು ಹೆಸರಿನಲ್ಲಿ ಉಳಿದಿದೆ. ಸುತ್ತಲೂ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಕೈಗಾರಿಕಾ ಪ್ರದೇಶ ಬೆಳೆದಿದೆ. ರಸ್ತೆಯ ನಡುವಿನ ಬಿ.ಆರ್.ಟಿ.ಎಸ್. ಪಥದಲ್ಲಿ ಚಿಗರಿ ಬಸ್ಸುಗಳು ಓಡುತ್ತವೆ, ಇಲ್ಲಿ ಅವಕ್ಕೆ ನಿಲ್ದಾಣವೂ ಇದೆ. ಹೀಗಾಗಿ ಜೆ.ಎಸ್.ಎಸ್. ಕಾಲೇಜಿನ ಹುಡುಗರು, ಎಸ್.ಡಿ.ಎಂ. ಆಸ್ಪತ್ರೆಯ ಕಿರಿಯ ವೈದ್ಯರು, ಹುಬ್ಬಳ್ಳಿ ವಿದ್ಯಾನಗರದ ಎಂಜಿನಿಯರಿಂಗ್ ಗೆಳೆಯರ ಗುಂಪು ಯಾರೇ ಆದರೂ ಒಂದು ಬಸ್ಸು ಹಿಡಿದು ಬಂದಿಳಿಯಬಹುದು. ಈವೆಂಟಿನವರ ಲೆಕ್ಕ ನಿಲ್ಲುವುದು ಇಲ್ಲಿಗೇ. ಜನ ಬಂದು ಮುಟ್ಟುತ್ತಾರೆ ಎಂಬುದು ಖಾತ್ರಿಯಾದ ಮೇಲೆ ಮುಂದಿನದನ್ನು ಅವರು ಯೋಚಿಸುವುದಿಲ್ಲ.

ಮುಂದಿನದು ನೆಲದಿಂದ ಶುರುವಾಗುತ್ತದೆ. ಕಾರ್ಖಾನೆಯ ನೆಲ ಕಾಂಕ್ರೀಟಿನದು. ಯಂತ್ರ ಕಿತ್ತೊಯ್ದ ಜಾಗದಲ್ಲಿ ಬೋಲ್ಟುಗಳು ಮೊಳಕೆಯಂತೆ ತಲೆ ಎತ್ತಿ ನಿಂತಿರುತ್ತವೆ. ಗುಂಡಿನೊಳಗಿನ ಗ್ಲೈಕಾಲ್ ಜಾರುವ ವಸ್ತು. ಮಣ್ಣಿನ ಮೇಲೆ ಬಿದ್ದರೆ ಇಂಗಿಹೋಗುತ್ತದೆ, ಕಾಂಕ್ರೀಟಿನ ಮೇಲೆ ಹಾಗೇ ಹರಡಿ ನಿಲ್ಲುತ್ತದೆ. ಎರಡು ಪಂದ್ಯ ಮುಗಿಯುವಷ್ಟರಲ್ಲಿ ನೆಲ ಎಣ್ಣೆ ಚೆಲ್ಲಿದ ಅಡುಗೆಮನೆಯಾಗಿರುತ್ತದೆ, ಆಡುವವರು ಎದುರಾಳಿಗಿಂತ ಹೆಚ್ಚಾಗಿ ನೆಲಕ್ಕೆ ಹೆದರಿ ಆಡುತ್ತಾರೆ. ಒಳಾಂಗಣ ಮೈದಾನ ನಡೆಸುವ ವೃತ್ತಿಪರರು ಇದಕ್ಕಾಗಿಯೇ ಕೃತಕ ಹುಲ್ಲಿನ ಹಾಸು ಹಾಕಿ ಆಗಾಗ ತೊಳೆಯುತ್ತಾರೆ. ರವಿವಾರದ ಈವೆಂಟಿನಲ್ಲಿ ಆ ಕೆಲಸಕ್ಕೆ ಒಂದು ಚೀಲ ಕಟ್ಟಿಗೆ ಹೊಟ್ಟು ಸುರಿದು ಕೈತೊಳೆದುಕೊಳ್ಳಲಾಗುತ್ತದೆ. ಹೊಟ್ಟು ಬಣ್ಣ ಹೀರುತ್ತದೆ, ಆಮೇಲೆ ಬೂಟಿಗೆ ಮೆತ್ತಿಕೊಂಡು ಚಿಗರಿ ಬಸ್ಸಿನವರೆಗೂ ಪ್ರಯಾಣ ಮಾಡುತ್ತದೆ.

ತಗಡಿನ ಛಾವಣಿಯದು ಇನ್ನೊಂದು ಕಥೆ. ಗಾಳಿಬಂದೂಕಿನ ಸದ್ದು ಬಯಲಿನಲ್ಲಿ ಸಣ್ಣದು, ತಗಡಿನ ಕೆಳಗೆ ಪ್ರತಿಧ್ವನಿಸಿ ದೊಡ್ಡದಾಗುತ್ತದೆ. ಅದರ ಮೇಲೆ ಸಂಘಟಕರು ಬಾಡಿಗೆಗೆ ತಂದ ಡಿಜೆ. ‘ಔಟ್’ ಎಂದು ಪಂಚ ಕೂಗಿದ್ದು ಯಾರಿಗೂ ಕೇಳುವುದಿಲ್ಲ. ಆದ್ದರಿಂದ ಔಟಾದವನು ಆಡುತ್ತಲೇ ಇರುತ್ತಾನೆ, ಔಟಾಗದವನು ಜಗಳಕ್ಕೆ ನಿಲ್ಲುತ್ತಾನೆ.

ಬೇಸಿಗೆಯಲ್ಲಿ ಈ ಛಾವಣಿ ಆಟದ ಭೌತಶಾಸ್ತ್ರವನ್ನೇ ಬದಲಿಸುತ್ತದೆ. ಗುಂಡು ಹಾರಿಸಲು ಎರಡು ಬಗೆಯ ಅನಿಲ ಬಳಕೆಯಲ್ಲಿವೆ: ಅಧಿಕ ಒತ್ತಡದಲ್ಲಿ ತುಂಬಿದ ಗಾಳಿ, ಇಲ್ಲವೇ ಇಂಗಾಲದ ಡೈಆಕ್ಸೈಡ್. ಗಾಳಿ ತುಂಬಲು ವಿಶೇಷ ಕಂಪ್ರೆಸರ್ ಬೇಕು, ಪಂಕ್ಚರ್ ಅಂಗಡಿಯದು ಸಾಲುವುದಿಲ್ಲ. ಇಂಗಾಲದ ಡೈಆಕ್ಸೈಡ್ ಅಗ್ಗ, ಸಿಲಿಂಡರಿನಲ್ಲಿ ಸಿಗುತ್ತದೆ, ಆದರೆ ಅದರ ಸ್ವಭಾವ ಚಂಚಲ. ಸಿಲಿಂಡರಿನೊಳಗೆ ಅದು ದ್ರವವಾಗಿ ಕೂತಿರುತ್ತದೆ, 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಒತ್ತಡ ಚದರ ಇಂಚಿಗೆ ಸುಮಾರು 850 ಪೌಂಡು. ಬಿಸಿ ಏರಿದಂತೆ ಒತ್ತಡ ಏರುತ್ತದೆ; 31 ಡಿಗ್ರಿ ದಾಟಿದ ಮೇಲೆ ಅದು ದ್ರವವಾಗಿ ಉಳಿಯುವುದೇ ಇಲ್ಲ. ಏಪ್ರಿಲ್ ಮಧ್ಯಾಹ್ನ ಧಾರವಾಡದ ತಗಡಿನ ಶೆಡ್ಡು ಆ ಮಿತಿಯನ್ನು ಸಲೀಸಾಗಿ ದಾಟುತ್ತದೆ. ಒತ್ತಡ ಏರಿದರೆ ಗುಂಡಿನ ವೇಗವೂ ಏರುತ್ತದೆ. ಬಿಡದೆ ಕುದುರೆ ಒತ್ತುತ್ತ ಹೋದರೆ ಅದೇ ಸಿಲಿಂಡರು ತಣ್ಣಗಾಗಿ, ಮೇಲೆ ಇಬ್ಬನಿ ಕಟ್ಟಿ, ಗುಂಡು ಹತ್ತು ಹೆಜ್ಜೆ ದೂರ ಹೋಗಿ ಉರುಳುತ್ತದೆ. ಒಂದೇ ಬಂದೂಕು ಮುಂಜಾನೆ ಸಾಧು, ಮಧ್ಯಾಹ್ನ ಉಗ್ರ, ಐದು ನಿಮಿಷದ ನಂತರ ಮುದುಕ.

ಈ ಕಾರಣಕ್ಕೇ ಆಟಕ್ಕೆ ವೇಗದ ಮಿತಿ ಇದೆ. ಸೆಕೆಂಡಿಗೆ 300 ಅಡಿ, ಅಂದರೆ ಸುಮಾರು 91 ಮೀಟರು, ಸಾಮಾನ್ಯವಾಗಿ ಒಪ್ಪಿರುವ ಗರಿಷ್ಠ. ಒಳಾಂಗಣದಲ್ಲಿ ಇನ್ನೂ ಕಡಿಮೆ ಇಡುತ್ತಾರೆ. ಅಳೆಯಲು ಕ್ರೋನೋಗ್ರಾಫ್ ಎಂಬ ಪುಟ್ಟ ಉಪಕರಣವಿದೆ. ಪ್ರತಿ ಬಂದೂಕನ್ನೂ ಪಂದ್ಯಕ್ಕೆ ಮುಂಚೆ ಅದರೆದುರು ಹಾರಿಸಿ ನೋಡಬೇಕು. ಅವ್ಯವಸ್ಥಿತ ಈವೆಂಟನ್ನು ಗುರುತಿಸಲು ಬೇರೆ ಲಕ್ಷಣ ಹುಡುಕಬೇಕಾಗಿಲ್ಲ: ಅಲ್ಲಿ ಡಿಜೆ ಇರುತ್ತದೆ, ಕ್ರೋನೋಗ್ರಾಫ್ ಇರುವುದಿಲ್ಲ.

ಮಳೆಗಾಲದಲ್ಲಿ ಕೆಡುವುದು ಗುಂಡು. ಜೆಲಟಿನ್ ತೇವ ಹೀರಿ ಉಬ್ಬುತ್ತದೆ. ಜುಲೈಯಲ್ಲಿ ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಒಡೆದ ಪೆಟ್ಟಿಗೆಯಲ್ಲಿಟ್ಟ ಗುಂಡು ಆ ವಾತಾವರಣದಲ್ಲಿ ಮೆತ್ತಗಾಗಿ, ಒಂದಕ್ಕೊಂದು ಅಂಟಿ, ನಳಿಗೆಯೊಳಗೇ ಒಡೆಯುತ್ತದೆ. ಇಲ್ಲವೇ ಮೈಗೆ ಬಡಿದು ಒಡೆಯದೆ ಪುಟಿಯುತ್ತದೆ. ಪುಟಿದ ಗುಂಡಿಗೆ ಔಟಿಲ್ಲ, ನೋವು ಮಾತ್ರ ಪೂರ್ತಿ. ಹಳೆಯ ದಾಸ್ತಾನನ್ನು ಅಗ್ಗಕ್ಕೆ ಕೊಂಡು ತಂದವರ ಬಳಿ ಇದು ವರ್ಷವಿಡೀ ನಡೆಯುವ ಸಂಗತಿ. ಈ ಜೆಲಟಿನ್ ಬರುವುದು ಪ್ರಾಣಿಗಳ ಚರ್ಮ, ಮೂಳೆಗಳಿಂದ. ಹೊರಗೆ ಗಿರಮಿಟ್ ಗಾಡಿಯ ಮೇಲೆ ‘ಶುದ್ಧ ಸಸ್ಯಾಹಾರಿ’ ಎಂಬ ಬರಹ ನೋಡಿ ಸಮಾಧಾನಪಟ್ಟು ಒಳಗೆ ಬಂದವರ ತುಟಿಯ ಮೇಲೆ ಗುಂಡು ಒಡೆದಾಗ ಯಾರೂ ಈ ಪ್ರಶ್ನೆ ಎತ್ತುವುದಿಲ್ಲ. ಎತ್ತದಿರುವುದೇ ಒಳ್ಳೆಯದು.

ಎಲ್ಲಕ್ಕಿಂತ ದೊಡ್ಡ ತೊಡಕು ಮುಖವಾಡದ್ದು, ಅದು ಬರೀ ಲೆಕ್ಕದ ವಿಷಯ. ಮುಖವಾಡವಿಲ್ಲದೆ ಯಾರನ್ನೂ ಮೈದಾನಕ್ಕೆ ಬಿಡುವಂತಿಲ್ಲ. ಪೇಂಟ್‌ಬಾಲಿನಲ್ಲಿ ಆಗುವ ಗಂಭೀರ ಗಾಯಗಳು ಹೆಚ್ಚಾಗಿ ಕಣ್ಣಿನವು, ಅವೂ ಮುಖವಾಡ ಇಲ್ಲದಿದ್ದಾಗ ಅಥವಾ ಮೇಲೆತ್ತಿದ್ದಾಗ ಆಗುವಂಥವು. ಹಾಗಾಗಿ ಎಷ್ಟು ಮುಖವಾಡಗಳಿವೆಯೋ ಅಷ್ಟೇ ಜನ ಒಮ್ಮೆಗೆ ಆಡಬಹುದು. 120 ಟಿಕೆಟು ಮಾರಿ 20 ಮುಖವಾಡ ತಂದರೆ ಆರು ತಂಡಗಳಾಗುತ್ತವೆ. ತೊಡಿಸಿ, ಆಡಿಸಿ, ಬಿಚ್ಚಿಸಿ, ಒರೆಸಿ ಕೊಡಲು ತಂಡಕ್ಕೆ ಅರ್ಧ ಗಂಟೆ ಹಿಡಿದರೂ ಕೊನೆಯ ತಂಡದ ಪಾಳಿ ಬರುವುದು ಎರಡೂವರೆ ಗಂಟೆಯ ಮೇಲೆ. ಟಿಕೆಟಿನಲ್ಲಿ ಮಾತ್ರ ಎಲ್ಲರಿಗೂ ಮುಂಜಾನೆ 10 ಎಂದೇ ಅಚ್ಚಾಗಿರುತ್ತದೆ. ಅಗ್ಗದ ಒಂಟಿ ಗಾಜಿನ ಮುಖವಾಡ ಉಸಿರಿನಿಂದ ಮಸುಕಾಗುತ್ತದೆ. ಕಾಣದಾದವನು ಅದನ್ನು ಎತ್ತುತ್ತಾನೆ. ಎತ್ತಿದವನನ್ನು ಗದರಿಸಿ ಪಂದ್ಯ ನಿಲ್ಲಿಸಬೇಕಾದ ಪಂಚ ಆಗ ಗೇಟಿನಲ್ಲಿ ಟಿಕೆಟು ಹರಿಯುತ್ತಿರುತ್ತಾನೆ, ಏಕೆಂದರೆ ಎರಡೂ ಕೆಲಸಕ್ಕೆ ಒಬ್ಬನೇ.

ಕಾಯುವವರಿಗೆ ಹೇಳುವ ಮಾತುಗಳು ಎಲ್ಲ ಕಡೆ ಒಂದೇ. “ಹತ್ತ ಮಿನಿಟ್ ನಿಂದರ್ರೀ ಸರ, ಗ್ಯಾಸ್ ಬರಾಕತ್ತೈತಿ” ಎಂಬುದು ಮೊದಲನೆಯ ತಾಸಿನದು. “ಮುಂದಿನ ಬ್ಯಾಚ್ ನಿಮ್ದ ರೀ ಅಣ್ಣಾರ” ಎರಡನೆಯ ತಾಸಿನದು. ಮೂರನೆಯ ತಾಸಿನಲ್ಲಿ ಹೇಳುವವನ ಫೋನು ಹತ್ತುವುದಿಲ್ಲ. ಈ ಹೊತ್ತಿನಲ್ಲಿ ನಿಜವಾದ ವ್ಯಾಪಾರ ಮಾಡುವವನು ಗಿರಮಿಟ್, ಮಿರ್ಚಿಯವನು. ಅವನ ಬಳಿ ಪಾಳಿ ಬೇಗ ಸಾಗುತ್ತದೆ, ಕೊಟ್ಟ ಮಾತಿನಂತೆ ತಟ್ಟೆ ಕೈಗೆ ಬರುತ್ತದೆ.

ಕೊನೆಗೆ ಪಾಳಿ ಬಂದರೂ ಆಟ ಎಷ್ಟು ಹೊತ್ತು? ಪ್ಯಾಕೇಜಿನಲ್ಲಿ ತಲೆಗೆ 30ರಿಂದ 50 ಗುಂಡು ಕೊಡುವುದು ರೂಢಿ. ಹೊಸಬರು ಹೆದರಿಕೆಗೆ ಬೆರಳು ತೆಗೆಯುವುದಿಲ್ಲ. ಸೆಕೆಂಡಿಗೆ ಐದರಂತೆ ಹಾರಿಸಿದರೆ 50 ಗುಂಡು ಹತ್ತು ಸೆಕೆಂಡಿಗೆ ಬರಿದು. ಮುಂದೆ ಗುಂಡು ಬೇಕಾದರೆ ಬೇರೆ ಹಣ. ಲಾಭ ಇರುವುದೇ ಅಲ್ಲಿ. ಆಟಗಾರ ಗುರಿಯಿಟ್ಟು ಆಡಿದರೆ ಸಂಘಟಕನಿಗೆ ನಷ್ಟ, ಆದ್ದರಿಂದ ಹೇಗೆ ಆಡಬೇಕೆಂದು ಯಾರೂ ಕಲಿಸುವುದಿಲ್ಲ. ಹೆನ್ನಿಕರ್‌ನ ರಿಚಿ ವೈಟ್ ಇಂಥ ಶೆಡ್ಡಿಗೆ ಬಂದಿದ್ದರೆ ಅತ್ಯಂತ ಕೆಟ್ಟ ಗಿರಾಕಿ ಎನಿಸಿಕೊಳ್ಳುತ್ತಿದ್ದ.

ಬಣ್ಣ ಎರಚಿ ಕಾದಾಡುವುದು ಈ ಸೀಮೆಗೆ ಹೊಸದಲ್ಲ, ಅದಕ್ಕೆ ವ್ಯವಸ್ಥೆ ಮಾಡುವುದೂ ಹೊಸದಲ್ಲ. ಹುಬ್ಬಳ್ಳಿಯಲ್ಲಿ ಹೋಳಿ ಹುಣ್ಣಿಮೆಗೆ ಓಣಿ ಓಣಿಯಲ್ಲಿ ಕಾಮಣ್ಣನನ್ನು ಕೂರಿಸಿ, ಐದನೆಯ ದಿನ ರಂಗಪಂಚಮಿಗೆ ಊರಿಗೆ ಊರೇ ಬಣ್ಣವಾಡುತ್ತದೆ. ಬಾಗಲಕೋಟೆಯ ಹೋಳಿ ಇನ್ನೂ ಯುದ್ಧದ ಹತ್ತಿರದ್ದು: ಬ್ಯಾರಲ್‌ಗಳಲ್ಲಿ ಬಣ್ಣದ ನೀರು ತುಂಬಿದ ಬಂಡಿಗಳು ಓಣಿಗಳಿಂದ ಹೊರಟು, ಎದುರಾದ ಬಂಡಿಯವರ ಮೇಲೆ ನೀರೆರಚುತ್ತ ಸಾಗುತ್ತವೆ. ಹಿಂದೆ ಎತ್ತಿನ ಬಂಡಿ, ಈಗ ಟ್ರ್ಯಾಕ್ಟರು, ಲಾರಿ. ಯಾವ ದಿನ ಯಾವ ಓಣಿಯವರ ಸರದಿ, ಬಂಡಿ ಯಾವ ದಾರಿಯಲ್ಲಿ ಹೋಗಬೇಕು, ಹಲಗೆ ಮೇಳ ಯಾರದು ಎಂಬುದೆಲ್ಲ ಹಿರಿಯರಿಗೆ ಬಾಯಿಪಾಠ. ಅಲ್ಲಿ ಟಿಕೆಟಿಲ್ಲ, ಕೈಪಟ್ಟಿಯಿಲ್ಲ, ವಿಐಪಿ ಪಾಸಿಲ್ಲ. ತಪ್ಪಾದರೆ ಯಾರ ಮನೆಯ ಕಟ್ಟೆಯ ಮುಂದೆ ಹೋಗಿ ನಿಂತು ಕೇಳಬೇಕೆಂಬುದು ಮಾತ್ರ ಎಲ್ಲರಿಗೂ ಗೊತ್ತು. ರವಿವಾರದ ಶೆಡ್ಡಿನಲ್ಲಿ ಇಲ್ಲದಿರುವುದು ಈ ಕಟ್ಟೆ. ಗೇಟಿನಲ್ಲಿ ನಿಂತ ಹುಡುಗ ದಿನಗೂಲಿಯವನು, ಶೆಡ್ಡಿನ ಮಾಲೀಕ ಬಾಡಿಗೆ ಪಡೆದು ಹೋದವನು, ಬಂದೂಕಿನವನು ಬೇರೆ ಊರಿನವನು, ಟಿಕೆಟು ಮಾರಿದ್ದು ಮೊಬೈಲ್ ಆ್ಯಪ್. ಇವರಲ್ಲಿ ಯಾರನ್ನು ಕೇಳಿದರೂ ಅವರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆ, ಪ್ರತಿಯೊಬ್ಬರೂ ಹೇಳುವುದು ನಿಜವೇ ಆಗಿರುತ್ತದೆ.

ಜಾಗದ ಕಾಗದಪತ್ರದ ಪ್ರಶ್ನೆಯೂ ಒಂದಿದೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ನಿವೇಶನ ಹಂಚುವುದು ಉದ್ಯಮ ನಡೆಸಲೆಂದು; ಬೇರೆ ಬಳಕೆಗೆ ಒಪ್ಪಿಗೆ ಬೇಕು. ನೂರಾರು ಜನ ಸೇರುವಲ್ಲಿ ತುರ್ತು ಬಾಗಿಲು, ಬೆಂಕಿ ನಂದಿಸುವ ಸಾಧನ, ಪ್ರಥಮ ಚಿಕಿತ್ಸೆಯ ಏರ್ಪಾಡು, ಹೆಣ್ಣುಮಕ್ಕಳಿಗೆ ಶೌಚಾಲಯ ಇವೆಯೇ ಎಂದು ನೋಡಲು ಐದು ನಿಮಿಷ ಸಾಕು. ಹೆಚ್ಚಿನ ಶೆಡ್ಡುಗಳಲ್ಲಿ ಒಂದೇ ಶಟರು, ಅದೂ ಅರ್ಧಕ್ಕೆ ಎಳೆದಿರುತ್ತದೆ. ಒಳಗೆ ಹೋಗುವ ಮುಂಚೆ ಸಹಿ ಹಾಕಿಸಿಕೊಳ್ಳುವ ಇಂಗ್ಲಿಷ್ ಕಾಗದದಲ್ಲಿ ಏನಾದರೂ ಆದರೆ ಆಡುವವರೇ ಹೊಣೆ ಎಂದು ಬರೆದಿರುತ್ತದೆ. ಇಡೀ ಈವೆಂಟಿನಲ್ಲಿ ಅಚ್ಚುಕಟ್ಟಾಗಿ ಸಿದ್ಧವಾದ ವಸ್ತು ಆ ಕಾಗದವೊಂದೇ.

ಸಂಜೆ ಮನೆಗೆ ಹೋದ ಮೇಲೆ ಬಣ್ಣ ಒಂದೇ ಒಗೆತಕ್ಕೆ ಹೋಗುತ್ತದೆ, ತೊಡೆಯ ಮೇಲಿನ ನೀಲಿಗಟ್ಟಿದ ಗುರುತು ವಾರದಲ್ಲಿ ಮಾಯುತ್ತದೆ. ಉಳಿಯುವುದು ಹಣದ ಮಾತು. ‘ಯಾವ ಕಾರಣಕ್ಕೂ ಹಣ ಮರಳಿಸುವುದಿಲ್ಲ’ ಎಂದು ಟಿಕೆಟಿನ ಮೇಲೆ ಅಚ್ಚುಹಾಕಿದ ಮಾತ್ರಕ್ಕೆ ದೂರು ಕೊಡುವ ಹಕ್ಕು ಹೋಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಹಣ ಪಡೆದು ಹೇಳಿದ ಸೇವೆ ಕೊಡದಿರುವುದು ಸೇವಾ ನ್ಯೂನತೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಸಲ್ಲಿಸಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ಕಾಲಾವಕಾಶ ಎರಡು ವರ್ಷ. ಟಿಕೆಟು, ಹಣ ಕಳಿಸಿದ ಸಂದೇಶ, ಸಹಿ ಹಾಕಿದ ಕಾಗದದ ಫೋಟೋ ಇವಿಷ್ಟನ್ನು ತೆಗೆದಿಟ್ಟುಕೊಂಡಿರಬೇಕು.